ಚಾಕುವಿನ ಮೇಲೆ ಕಿರೀಟ ಇದ್ದರೆ ಅದು ದೊರೆ ಕೊಟ್ಟಿದ್ದೇ?

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಒಂದು ಮಡಚುವ ಚಾಕು ಸಿಕ್ಕಿದೆ. ಅಲಗಿನ ಬುಡದಲ್ಲಿ ಕಿರೀಟ, ಅದರ ಆಚೆ ಈಚೆ ‘ವಿ’, ‘ಆರ್’ ಅಕ್ಷರಗಳಿವೆ. ಮನ್ರೋ ಸಾಹೇಬರು ನಮ್ಮ ಮನೆತನಕ್ಕೆ ಕೊಟ್ಟಿದ್ದು ಅಂತಾರೆ. ಎಷ್ಟು ಹಳೆಯದು?

ಈ ಪ್ರಶ್ನೆ ಬಳ್ಳಾರಿಯಿಂದ ಬಂದರೆ ಕೊಟ್ಟವರು ಮನ್ರೋ, ರಾಯಚೂರಿನಿಂದ ಬಂದರೆ ನಿಜಾಮರು. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಮನೆಯವರಿಗೂ ಓದಿ ಹೇಳಿ.

ಮೊದಲು ಕಿರೀಟದ ಮಾತು. ವಿ.ಆರ್. ಅಂದರೆ ‘ವಿಕ್ಟೋರಿಯಾ ರೆಜಿನಾ’, ಲ್ಯಾಟಿನ್‌ನಲ್ಲಿ ವಿಕ್ಟೋರಿಯಾ ರಾಣಿ. ಅದನ್ನು ಒತ್ತಿದ್ದು ರಾಣಿಯಲ್ಲ, ಸರ್ಕಾರವೂ ಅಲ್ಲ. ಚಾಕು ಮಾಡಿದ ಕಂಪನಿ. ಇಂಗ್ಲೆಂಡಿನಲ್ಲಿ ಅರಮನೆಗೆ ಸಾಮಾನು ಒದಗಿಸುವ ವ್ಯಾಪಾರಿಗೆ ಒಂದು ಪತ್ರ ಸಿಗುತ್ತಿತ್ತು. ಅದು ಸಿಕ್ಕಿದ ಮೇಲೆ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಮಾರುವ ಮಾಲಿನ ಮೇಲೂ ರಾಜಗುರುತು ಹಾಕಿಕೊಳ್ಳುತ್ತಿದ್ದರು. ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಕಂಪನಿಯವರ ಚಾಕುಗಳ ಮೇಲೆ ಈ ಕಿರೀಟ ಬಹಳ ಕಾಣುತ್ತದೆ. ಜೊತೆಗೆ ಅವರದೇ ಗುರುತು, ಒಂದು ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ, ಇದೆಯಾ ನೋಡಿ. ಇಂಥ ಚಾಕುಗಳನ್ನು ಅವರು ರಾಶಿ ರಾಶಿ ಮಾಡಿ ದೇಶದೇಶಕ್ಕೆ ಕಳಿಸಿದ್ದಾರೆ. ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತಿತ್ತು.

ಇನ್ನು ಮನ್ರೋ. ಥಾಮಸ್ ಮನ್ರೋ ಬಳ್ಳಾರಿ ಸೀಮೆಯ ಕಲೆಕ್ಟರ್ ಆಗಿದ್ದು 1800ರಿಂದ 1807ರವರೆಗೆ. ಆಮೇಲೆ ಮದ್ರಾಸಿನ ಗವರ್ನರ್ ಆದರು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡರು. ವಿಕ್ಟೋರಿಯಾ ಪಟ್ಟಕ್ಕೆ ಬಂದಿದ್ದು 1837ರಲ್ಲಿ. ಸತ್ತು ಹತ್ತು ವರ್ಷವಾದ ಮನುಷ್ಯ ಆ ರಾಣಿಯ ಗುರುತಿರುವ ಚಾಕು ಹೇಗೆ ಕೊಡುತ್ತಾನೆ? ನಿಮ್ಮ ಮನೆತನಕ್ಕೆ ಮನ್ರೋ ಏನೋ ಕೊಟ್ಟಿರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಈ ಚಾಕು ಮಾತ್ರ ಅದಲ್ಲ.

ಹಾಗಾದರೆ ವರ್ಷ ತಿಳಿಯುವುದು ಹೇಗೆ? ‘ಇದಕ್ಕಿಂತ ಮೊದಲಿನದು ಆಗಿರಲಾರದು’ ಅನ್ನೋ ಗುರುತುಗಳನ್ನು ಹುಡುಕಬೇಕು. ಅಲಗನ್ನು ಪೂರ್ತಿ ಬಿಚ್ಚಿ, ಮಡಚುವ ಜಾಗದ ಹತ್ತಿರ ಭೂತಗನ್ನಡಿ ಹಿಡಿಯಿರಿ. ಸುಮ್ನೆ ‘ಶೆಫೀಲ್ಡ್’ ಅಂತಿದ್ದರೆ ಹಳೆಯದಿರಬಹುದು. ‘ಇಂಗ್ಲೆಂಡ್’ ಅಂತ ದೇಶದ ಹೆಸರೂ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಹೊರಗಿನ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಆ ವರ್ಷದಿಂದ ಹಟ ಹಿಡಿಯಿತು. ‘ಸ್ಟೇನ್‌ಲೆಸ್’ ಅಂತಿದ್ದರೆ ಇನ್ನೂ ಸುಲಭ. ತುಕ್ಕು ಹಿಡಿಯದ ಆ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಶೆಫೀಲ್ಡ್‌ನಲ್ಲಿ ಮಾಡಿದ್ದೇ 1913ರಲ್ಲಿ. ಹಿಡಿ ಬೇಕಲೈಟ್ ಅನ್ನೋ ಹಳೇ ಪ್ಲಾಸ್ಟಿಕ್‌ನದಾದರೆ 1907ಕ್ಕಿಂತ ಹಿಂದೆ ಹೋಗಲೇಬೇಡಿ. ‘ವೆಸ್ಟ್ ಜರ್ಮನಿ’ ಅಂತ ಕಂಡರೆ 1949ರಿಂದ 1990ರ ಒಳಗಿನದು.

‘ಜಿ.ಆರ್.’, ಅಂದರೆ ‘ಜಾರ್ಜ್ ರೆಕ್ಸ್’, ಜಾರ್ಜ್ ರಾಜ, ಅಂತ ಇದ್ದವರಿಗೆ ಒಂದು ಮಾತು. ಜಾರ್ಜ್ ಹೆಸರಿನ ರಾಜರು ಹಲವರು. 1830ರಲ್ಲಿ ತೀರಿಕೊಂಡವನೂ ಜಾರ್ಜ್, 1952ರಲ್ಲಿ ತೀರಿಕೊಂಡವನೂ ಜಾರ್ಜ್. ಜಿ.ಆರ್. ಜೊತೆ ಸ್ಟೇನ್‌ಲೆಸ್ ಅಂತಲೂ ಇದ್ದರೆ ಅದು ಐದನೇ ಅಥವಾ ಆರನೇ ಜಾರ್ಜ್ ಕಾಲದ್ದು, ಅಂದರೆ ನಿಮ್ಮ ಅಜ್ಜನೇ ಕೊಂಡಿರಬಹುದು. ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ ಅಂತ ನಾನು ಹೇಳುತ್ತಲೇ ಇರುವುದು ಇದಕ್ಕೇ. ಶೆಫೀಲ್ಡ್ ಹೆಸರು ಒತ್ತಿದ ನಕಲಿ ಮಾಲೂ ಜಾಸ್ತಿ ಇತ್ತು. ಆ ಕಾಟ ತಡೆಯೋಕೆ ಬ್ರಿಟನ್ 1887ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಗುರುತು ಓದುವ ಮೊದಲು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹಿತ್ತಾಳೆ ಬಿಂದಿಗೆಗೆ ಅದು ಸರಿ. ಚಾಕುವಿನ ಮೇಲೆ ಹುಳಿ ಬಿದ್ದರೆ ಉಕ್ಕು ಕಪ್ಪಾಗುತ್ತದೆ, ಮೊದಲೇ ಸವೆದ ಅಕ್ಷರ ಪೂರ್ತಿ ಹೋಗುತ್ತದೆ. ಸಾಣೆಗಂತೂ ಕೊಡಲೇಬೇಡಿ. ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ.

ನೀವು ಕೇಳದ ಇನ್ನೊಂದು ವಿಷಯ ಇದೆ. ನನಗೆ ವರ್ಷಕ್ಕಿಂತ ಅದೇ ಮುಖ್ಯ ಅನಿಸುತ್ತದೆ. ನಿಮ್ಮ ಚಾಕುವಿಗೆ ದೊಡ್ಡ ಅಲಗಿನ ಜೊತೆ ಬೆರಳಗಲದ ಒಂದು ಪುಟ್ಟ ಅಲಗೂ ಇದೆಯಾ? ಇಂಥ ಚಾಕುವಿಗೆ ಇಂಗ್ಲಿಷಿನಲ್ಲಿ ‘ಪೆನ್ ನೈಫ್’ ಅನ್ನುತ್ತಾರೆ. ಹಕ್ಕಿಯ ಗರಿಯನ್ನು ಕೆತ್ತಿ ಪೆನ್ನು ಮಾಡಿಕೊಳ್ಳುತ್ತಿದ್ದ ಕಾಲದಿಂದ ಬಂದ ಹೆಸರದು. ನಮ್ಮಲ್ಲಿ ಗರಿಯ ಬದಲು ಲೆಕ್ಕಣಿಕೆ, ಅಂದರೆ ಜೊಂಡಿನ ಕಡ್ಡಿಯ ಪೆನ್ನು, ಇತ್ತು. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದಾಗ ಊರ ಲೆಕ್ಕ ಬರೆಯುತ್ತಿದ್ದವರು ಕರಣಂ. ಲೆಕ್ಕಣಿಕೆಯ ಮೊನೆ ಮೊಂಡಾದಾಗೆಲ್ಲ ಅದನ್ನು ಓರೆಯಾಗಿ ಕೆತ್ತಿ, ನಡುವೆ ಸಣ್ಣಗೆ ಸೀಳಬೇಕಿತ್ತು. ಆ ಕೆಲಸಕ್ಕೆ ಅಡುಗೆಮನೆಯ ಈಳಿಗೆ ಆಗುವುದಿಲ್ಲ, ಇಂಥದ್ದೇ ಪುಟ್ಟ ಅಲಗು ಬೇಕು.

ಆ ಚಿಕ್ಕ ಅಲಗು ದೊಡ್ಡದಕ್ಕಿಂತ ಜಾಸ್ತಿ ಸವೆದಿದೆಯಾ ನೋಡಿ. ಸವೆದಿದ್ದರೆ, ನಿಮ್ಮ ಮನೆಯಲ್ಲಿ ಯಾರಾದರೂ ಕರಣಿಕೆ ಮಾಡುತ್ತಿದ್ದರಾ ಅಂತ ಅಜ್ಜಿಯನ್ನು ಕೇಳಿ.