ಕಷ್ಟ ಬಂದಾಗ ಸಾಲಗಾರ ಬ್ಯಾಂಕಿಗೆ ಹೇಳುತ್ತಾನೋ, ಮರೆಮಾಚುತ್ತಾನೋ?

ಸಾಲದ ಕಂತು ಕಟ್ಟುವುದು ಕೈಯಲ್ಲಿ ದುಡ್ಡಿದೆಯೇ ಎಂಬುದೊಂದರಿಂದಲೇ ತೀರ್ಮಾನವಾಗುವುದಿಲ್ಲ. ನಾಳೆಯೂ ಈ ಬ್ಯಾಂಕು ಕೈಹಿಡಿಯುತ್ತದೆ ಎಂಬ ಭರವಸೆ ಇದ್ದವನು ಹೇಗಾದರೂ ಹೊಂದಿಸಿ ಕಟ್ಟುತ್ತಾನೆ; ಆಗದಿದ್ದರೆ ಮೊದಲೇ ಬಂದು ಹೇಳುತ್ತಾನೆ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದರೂ ಅದು ಇದ್ದ ವೃತ್ತಕ್ಕೆ ಇಂದಿಗೂ ಅದೇ ಹೆಸರಿದೆ. ಅಲ್ಲಿಂದ ಕೂಗಳತೆಯಲ್ಲಿರುವ ಚಿಕ್ಕಪೇಟೆಯ ಜವಳಿ ಅಂಗಡಿಯವರಿಗೆ ಸಿಸಿ ಖಾತೆಯೇ (ದಾಸ್ತಾನಿನ ಆಧಾರದ ಮೇಲೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲ) ಜೀವಾಳ. ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು; ದಾಸ್ತಾನಿನ ಬೆಲೆಯಲ್ಲಿ ಮಾರ್ಜಿನ್, ಅಂದರೆ ಅಂಗಡಿಯವರೇ ಹಾಕಬೇಕಾದ ಪಾಲು, ಕಳೆದು ಉಳಿದಷ್ಟಕ್ಕೆ ಮಾತ್ರ ಹಣ ತೆಗೆಯಬಹುದು. ಬ್ಯಾಂಕಿನವರು ಗೋದಾಮಿಗೇ ಬಂದು ಗಂಟು ಎಣಿಸುತ್ತಾರೆ. ಖಾತೆಗೆ ವಾರದ ವಸೂಲಿ ಬೀಳುವುದು ನಿಂತರೆ, ಚೆಕ್ ವಾಪಸಾದರೆ, ಮ್ಯಾನೇಜರ್‌ಗೆ ಕಂತು ತಪ್ಪುವ ಮೊದಲೇ ಗೊತ್ತಾಗುತ್ತದೆ. ಹೀಗೆ ಎಲ್ಲವೂ ಕಾಣುವಾಗ ಮುಚ್ಚಿಡುವುದರಲ್ಲಿ ಲಾಭವಿಲ್ಲ.

ಆದರೆ ಪರಿಚಯದ ಈ ವ್ಯವಹಾರದಲ್ಲಿ ಅನ್ಯಾಯವೂ ಇತ್ತು. ಪರಿಚಯ, ಶೂರಿಟಿ ಇಲ್ಲದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. 1969ರಲ್ಲಿ ಕೆನರಾ ಸೇರಿ 14 ಬ್ಯಾಂಕುಗಳು, 1980ರಲ್ಲಿ ವಿಜಯಾ ಸೇರಿ ಇನ್ನೂ ಆರು ರಾಷ್ಟ್ರೀಕರಣವಾದ ಮೇಲೆ ಸಾಲ ಬಡವರವರೆಗೂ ಹೋಯಿತು. ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಮೈರಾಡ 1980ರ ದಶಕದಲ್ಲಿ ಕಟ್ಟಿದಂಥ ಸ್ವಸಹಾಯ ಸಂಘಗಳ ಅನುಭವದ ಮೇಲೆ ಕೃಷಿ, ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. ಮೊದಲು ತಮ್ಮ ಉಳಿತಾಯದಲ್ಲೇ ಸಾಲ ಕೊಟ್ಟು ವಸೂಲಿ ಮಾಡಿದ ಹೆಂಗಸರಿಗೆ ಯಾರು ಕಟ್ಟುತ್ತಾರೆಂಬುದು ಬ್ಯಾಂಕಿಗಿಂತ ಚೆನ್ನಾಗಿ ಗೊತ್ತಿತ್ತು.

ಇದಕ್ಕೆ ವಿರುದ್ಧ ಪಾಠ ಕಲಿಸಿದ್ದು 1990, 2008ರ ಸಾಲಮನ್ನಾ. ಕಷ್ಟಕಾಲದಲ್ಲಿ ಅದು ಅನೇಕರ ಕೈಹಿಡಿಯಿತು, ನಿಜ. ಆದರೆ ಒಡವೆ ಅಡವಿಟ್ಟು ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಏನು ಸಿಕ್ಕಿತು?

2000ದಲ್ಲಿ ಸಾಲಗಾರರ ಮರುಪಾವತಿಯ ದಾಖಲೆ ಇಡುವ ಸಿಬಿಲ್ ಸಂಸ್ಥೆ ಬಂತು. ಈಗ ಮನುಷ್ಯನ ಗುರುತು 300ರಿಂದ 900ರ ನಡುವಿನ ಅಂಕಿ. ಪರಿಚಯವಿಲ್ಲದವರಿಗೂ ಸಾಲ ಸಿಗುವಂತಾದದ್ದು ದೊಡ್ಡ ಉಪಕಾರವೇ. ಆದರೆ ಆ ಅಂಕಿಗೆ ಮಗಳ ಆಸ್ಪತ್ರೆ ಖರ್ಚು ಕಾಣುವುದಿಲ್ಲ, ತಡವಾದದ್ದು ಮಾತ್ರ ಕಾಣುತ್ತದೆ. ಹಾಗಾಗಿ ಜನ ಒಂದು ಆ್ಯಪ್‌ನಿಂದ ತೆಗೆದು ಇನ್ನೊಂದರ ಕಂತು ಕಟ್ಟುತ್ತಾರೆ.

90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ. ಅದಕ್ಕೆ ಮೊದಲೇ ಪೀಣ್ಯದ ಸಣ್ಣ ಕಾರ್ಖಾನೆಯವರು ಪುನಶ್ಚೇತನ ಕೇಳಿ ತಾವೇ ಅರ್ಜಿ ಹಾಕಬಹುದು. 25 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಆ ನಿಯಮವಿದೆ. ಹಾಕುವ ಧೈರ್ಯ ಬರಬೇಕಾದರೆ ಶಾಖೆಯಲ್ಲಿ ತಮ್ಮ ವ್ಯಾಪಾರ ಬಲ್ಲವರೊಬ್ಬರು ಇರಬೇಕು. ಅಂಥವರನ್ನೇ ನಾವು ಕೆಲವೇ ವರ್ಷಕ್ಕೆ ವರ್ಗ ಮಾಡುತ್ತಿದ್ದೇವೆ.