ಅಳಿವೆಗೆ ಗೋಡೆ, ಉಳ್ಳಾಲಕ್ಕೆ ಕೊರೆತ

ಮಳೆಗಾಲ ಬಿರುಸಾದರೆ ಸಾಕು, ಮಂಗಳೂರಿನ ಪತ್ರಿಕೆಗಳಲ್ಲಿ ಪಕ್ಕದ ಕಡಲತಡಿಯ ಉಳ್ಳಾಲದ ಚಿತ್ರ ಬಂದೇ ಬರುತ್ತದೆ: ಬುಡ ಬಿಟ್ಟು ವಾಲಿದ ತೆಂಗು, ಅರ್ಧ ಕುಸಿದ ಮನೆ, ಟಿಪ್ಪರಿನಿಂದ ಸುರಿಯುತ್ತಿರುವ ಕಲ್ಲು. ಅಲ್ಲಿ ಒಮ್ಮೆ ಕೊರೆದುಹೋದ ಹಿತ್ತಲೊಂದನ್ನು ನೋಡಿದ್ದೆ. ಸುತ್ತಲಿನ ನೆಲವೆಲ್ಲ ಹೋಗಿ, ಬಾವಿಯ ಸಿಮೆಂಟ್ ರಿಂಗುಗಳು ಮಾತ್ರ ಆಳೆತ್ತರಕ್ಕೆ ನಿಂತಿದ್ದವು. ಬಗ್ಗಿ ನೀರು ಸೇದುತ್ತಿದ್ದ ಬಾವಿಗೆ ಈಗ ಏಣಿ ಬೇಕಿತ್ತು.

ಮಳೆಗಾಲದಲ್ಲಿ ದಡ ಸಣ್ಣದಾಗುವುದು ಹೊಸದಲ್ಲ. ಜೂನ್‌ನಿಂದ ದೊಡ್ಡ ಅಲೆಗಳು ಮರಳನ್ನು ಎಳೆದೊಯ್ದು ತುಸು ದೂರದಲ್ಲಿ ದಿಬ್ಬ ಹಾಕುತ್ತವೆ. ನವರಾತ್ರಿ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ಮೆಲ್ಲಗೆ ತಂದು ಒಪ್ಪಿಸುತ್ತವೆ. ಕಡಲು ಕಡ ಒಯ್ದದ್ದನ್ನು ಹಿಂದಿರುಗಿಸದಿದ್ದಾಗಲೇ ಕಡಲ್ಕೊರೆತ.

ಉಳ್ಳಾಲದಲ್ಲಿ ಹಾಗಾಗಲು ಕಾರಣ ಹುಡುಕಿದರೆ ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಗೆ ಬರಬೇಕು. ಅಲ್ಲಿ ಹೂಳು ತುಂಬಿ, ಬಾಗಿಲು ಆಳ ಕಳೆದುಕೊಂಡು, ಬಂದರಿನ ಧಕ್ಕೆಗೆ ಬರುವ ಮೀನುಗಾರಿಕೆ ಬೋಟುಗಳು ಅಪಾಯಕ್ಕೆ ಸಿಲುಕುತ್ತಿದ್ದವು. 1990ರ ದಶಕದಲ್ಲಿ ಎರಡೂ ಬದಿಗೆ ಬ್ರೇಕ್‌ವಾಟರ್, ಅಂದರೆ ಕಡಲಿನೊಳಕ್ಕೆ ಚಾಚಿದ ಅಲೆತಡೆ ಗೋಡೆ ಕಟ್ಟಿದರು. ಬೋಟಿನವರಿಗೆ ಅದು ಬೇಕೇ ಇತ್ತು, ತಕರಾರಿಲ್ಲ. ಆದರೆ ದಡದ ಉದ್ದಕ್ಕೂ ಅತ್ತಿತ್ತ ಓಡಾಡುವ ಮರಳಿಗೂ ಅದೇ ಗೋಡೆ ಅಡ್ಡ ಬಂತು. ಬಡಗಿನ ಬೆಂಗ್ರೆಯಲ್ಲಿ ದಡ ಬೆಳೆಯಿತು, ತೆಂಕಿನ ಉಳ್ಳಾಲದಲ್ಲಿ ಕರಗಿತು.

ಗೋಡೆಯೊಂದನ್ನೇ ದೂರಿದರೆ ಅರ್ಧ ಸತ್ಯವಾದೀತು. ಘಟ್ಟದಿಂದ ಹೊಳೆ ತರಬೇಕಾದ ಮರಳನ್ನು ನಾವು ದಾರಿಯಲ್ಲೇ ದೋಣಿ, ಲಾರಿಗಳಿಗೆ ತುಂಬಿದೆವು. ಊರಿಗೆ ನೀರು ಕೊಡುವ ತುಂಬೆಯಂಥ ಅಣೆಕಟ್ಟುಗಳೂ ಒಂದಿಷ್ಟನ್ನು ತಡೆಯುತ್ತವೆ. ಏರುತ್ತಿರುವ ಸಮುದ್ರಮಟ್ಟ ಇದರ ಮೇಲಿನ ಬಡ್ಡಿ. ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನ ಹೇಳುತ್ತದೆ. 1990ರಿಂದ 2018ರವರೆಗಿನ ಲೆಕ್ಕವದು.

ನಮ್ಮಲ್ಲಿ ಇದಕ್ಕೆಲ್ಲ ಒಂದೇ ಮದ್ದು: ಕಲ್ಲು. ಅಪ್ಪಳಿಸಿದ ಅಲೆ ಕಲ್ಲಿನ ಬುಡದ ಮರಳನ್ನು ಕೆದಕುತ್ತದೆ, ಕಲ್ಲು ಹೂತುಹೋಗುತ್ತದೆ, ಮರುವರ್ಷ ಅದರ ಮೇಲೆ ಮತ್ತಷ್ಟು ಕಲ್ಲು, ಮತ್ತೊಂದು ಬಿಲ್. ಗೋಡೆ ನಿಂತರೂ ಉಳಿಯುವುದು ಹಿಂದಿನ ಮನೆ ಮಾತ್ರ, ಮುಂದಿನ ದಡವಲ್ಲ. ದಡದಿಂದಲೇ ಎಳೆಯುವ ಕೈರಂಪಣಿ ಬಲೆಗೆ, ದೋಣಿ ಮೇಲೆ ಹಾಕಲು, ಮೀನು ಒಣಗಿಸಲು ಮೊಗವೀರರಿಗೆ ಬೇಕಾದ್ದು ಆ ದಡವೇ.

2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆ ಬಂದಾಗ ಯೋಚನೆ ಕೊಂಚ ಬದಲಾಯಿತು. ಅಲೆಯನ್ನು ದಡದಲ್ಲಿ ತಡೆಯುವ ಬದಲು ದೂರದಲ್ಲೇ ಮುರಿಯಲು, ಮರಳು ತುಂಬಿದ ದೈತ್ಯ ಚೀಲಗಳಿಂದ ನೀರಿನಡಿಯಲ್ಲಿ ಎರಡು ರೀಫ್ (ಕೃತಕ ದಿಬ್ಬ) ಕಟ್ಟಿದರು. ಬ್ರೇಕ್‌ವಾಟರ್ ದುರಸ್ತಿಯಾಯಿತು, ದಡಕ್ಕೆ ಅಡ್ಡ ದಂಡೆಗಳೂ ಬಂದವು. ಉಳ್ಳಾಲದ ಕೆಲವೆಡೆ ಉಸಿರು ಬಿಡುವಂತಾಯಿತು. ಈಗ ಸುದ್ದಿ ಬರುವುದು ತೆಂಕಿನ ಉಚ್ಚಿಲ, ಬಟ್ಟಪ್ಪಾಡಿ ಕಡೆಯಿಂದ. ಅಲ್ಲಿ ಬೀಚ್ ರಸ್ತೆಯೇ ಕೊಚ್ಚಿಹೋಗಿದೆ.

ದಡಕ್ಕೆ ಜಾಗ ಬಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಆದರೆ 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ, ಜನ ಹೆಚ್ಚಿರುವ ಹಳ್ಳಿಗಳಲ್ಲಿ 200 ಮೀಟರ್ ಇದ್ದ ನಿರ್ಮಾಣ ನಿಷೇಧವನ್ನು 50ಕ್ಕೆ ಇಳಿಸಿತು. ಅಡುಂಬು ಬಳ್ಳಿ ಹಬ್ಬಿದ ಮರಳುದಿಬ್ಬಕ್ಕಿಂತ ಸಮುದ್ರ ಕಾಣುವ ರೆಸಾರ್ಟಿಗೆ ಬೆಲೆ ಜಾಸ್ತಿ.

ಆಸ್ಟ್ರೇಲಿಯಾದ ಟ್ವೀಡ್ ನದಿಯ ಅಳಿವೆಯಲ್ಲೂ ಇಂಥದೇ ಗೋಡೆಗಳಿವೆ. ಅಲ್ಲಿ 2001ರಿಂದ ಒಂದು ಬದಿ ಕೂಡಿದ ಮರಳನ್ನು ಪಂಪಿನಲ್ಲಿ ಎಳೆದು, ಪೈಪಿನಲ್ಲಿ ಮತ್ತೊಂದು ಬದಿಗೆ ದಾಟಿಸುತ್ತಾರೆ. ಗೋಡೆ ಇರುವಷ್ಟು ದಿನವೂ ಮುಗಿಯದ ಕೆಲಸವದು, ಖರ್ಚೂ ಮುಗಿಯದು. ಲೋಡಿನ ಲೆಕ್ಕದಲ್ಲಿ ಮರಳು ಮಾರುವ ನಮ್ಮ ಜಿಲ್ಲೆಯಲ್ಲಿ, ಅಳಿವೆಯ ಮರಳನ್ನು ದುಡ್ಡು ಕೊಟ್ಟು ಎತ್ತಿಸಿ ಉಳ್ಳಾಲದ ದಡಕ್ಕೇ ಸುರಿಯೋಣ ಎಂದರೆ ಟೆಂಡರ್ ಕರೆಯುವವರಿಗೂ ನಗು ಬಂದೀತು.