ಹತ್ತಕ್ಕೆ ಶುರು, ನಲವತ್ತೆರಡಕ್ಕೆ ನಿವೃತ್ತಿ: ಬ್ಯಾಲೆ ವೃತ್ತಿ ಗೋಜಲಾದ ಬಗೆ

2019ರ ಡಿಸೆಂಬರ್ 24. ಪ್ಯಾರಿಸ್ಸಿನ ಗಾರ್ನಿಯೆ ಒಪೆರಾ ಮಂದಿರದ ಬಾಗಿಲ ಮುಂದೆ, ಮೆಟ್ಟಿಲ ಮೇಲಿನ ಜಾಗದಲ್ಲಿ ಬಿಳಿ ಉಡುಪಿನ ನರ್ತಕಿಯರು ಸಾಲಾಗಿ ಬಂದು ನಿಂತರು. ಬಯಲು, ಚಳಿಗಾಲ, ತೋಳಿಲ್ಲದ ಬಟ್ಟೆ. 'ಸ್ವಾನ್ ಲೇಕ್'ನ ಒಂದು ಭಾಗ ಕುಣಿದರು. ಆರ್ಕೆಸ್ಟ್ರಾದವರೂ ಹೊರಗೇ ಕೂತು ನುಡಿಸಿದರು. ಒಳಗೆ ಶೋ ಇರಲಿಲ್ಲ, ಯಾಕೆಂದರೆ ಇವರೆಲ್ಲ ಮುಷ್ಕರದಲ್ಲಿದ್ದರು. ವಿಷಯ ಪಿಂಚಣಿಯದ್ದು. ಪ್ಯಾರಿಸ್ ಒಪೆರಾದ ಬ್ಯಾಲೆ ಡಾನ್ಸರ್‌ಗಳು 42ಕ್ಕೆ ನಿವೃತ್ತರಾಗುತ್ತಾರೆ. ಇಂಥ ವಿಶೇಷ ಪಿಂಚಣಿಗಳನ್ನೆಲ್ಲ ಕಿತ್ತು ಒಂದೇ ವ್ಯವಸ್ಥೆ ಮಾಡಲು ಸರ್ಕಾರ ಹೊರಟಿತ್ತು.

ನಲವತ್ತೆರಡಕ್ಕೇ ಪಿಂಚಣಿಯಾ ಅಂತ ಹುಬ್ಬೇರಿಸಿದವರು ಬಹಳ ಜನ. ಅದೇ ತಿಂಗಳು ವಿಯೆನ್ನಾದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿನ ಹೆಸರಾಂತ ಬ್ಯಾಲೆ ಶಾಲೆಯಲ್ಲಿ ಮಕ್ಕಳ ಆರೋಗ್ಯಕ್ಕೆ ತಕ್ಕ ಗಮನ ಸಿಕ್ಕಿರಲಿಲ್ಲ ಎಂದು ಸ್ವತಂತ್ರ ಆಯೋಗ ವರದಿ ಕೊಟ್ಟಿತು. ಆಮೇಲೆ ಬರ್ಲಿನ್, ಜ್ಯೂರಿಕ್, ಬ್ರಿಟನ್ನಿನ ಶಾಲೆಗಳ ಬಗ್ಗೆಯೂ ದೂರುಗಳು ಬಂದವು. ಇನ್ನೊಂದು ಕಡೆ, ಹತ್ತು ವರ್ಷ ಕಲಿತು ಮುಗಿಸಿದ ಹುಡುಗ ಹುಡುಗಿಯರು ಕಂಪನಿಗಳಲ್ಲಿ, ಅಂದರೆ ಬ್ಯಾಲೆ ತಂಡಗಳಲ್ಲಿ, ಸಂಬಳವಿಲ್ಲದೆ, ಕೆಲವು ಕಡೆ ತಾವೇ ಫೀಸು ಕಟ್ಟಿ ಕುಣಿಯುತ್ತಿರುವ ವಿಚಾರ. ಮೂರೂ ಬೇರೆ ಬೇರೆ ಜಗಳ ಅನ್ನಿಸುತ್ತದೆ. ಆದರೆ ಎಳೆ ಹಿಡಿದು ಹಿಂದಕ್ಕೆ ಹೋದರೆ ಮೂರೂ ಒಂದೇ ಕಡೆ ಹೋಗಿ ಸೇರುತ್ತವೆ.

ಆ ಕಡೆ ಅಂದರೆ ಹದಿನಾಲ್ಕನೇ ಲೂಯಿಯ ಆಸ್ಥಾನ. ಸ್ವತಃ ಕುಣಿಯುತ್ತಿದ್ದ ಈ ದೊರೆ 1661ರಲ್ಲಿ ನೃತ್ಯದ ಅಕಾಡೆಮಿ ಕಟ್ಟಿದ. ಒಪೆರಾದವರ ಪಿಂಚಣಿಯ ಬೇರು 1698ರದ್ದು. ಒಪೆರಾದ ನೃತ್ಯಶಾಲೆ ಬಂದದ್ದು 1713ರಲ್ಲಿ. 1738ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲೂ ಫ್ರೆಂಚ್ ಮೇಷ್ಟ್ರೊಬ್ಬರು, ಜಾನ್ ಬ್ಯಾಪ್ಟಿಸ್ಟ್ ಲಾಂಡೆ, ಅರಮನೆಯ ಆಶ್ರಯದಲ್ಲಿ ಶಾಲೆ ಶುರು ಮಾಡಿದರು. ಅದೇ ಇವತ್ತಿನ ವಾಗನೋವಾ ಅಕಾಡೆಮಿ.

ಇಲ್ಲಿ ಗಮನಿಸಬೇಕಾದ್ದು ಇಸವಿಗಳನ್ನಲ್ಲ, ಲೆಕ್ಕಾಚಾರವನ್ನು. ಎಂಟೋ ಹತ್ತೋ ವರ್ಷದ ಮಗುವನ್ನು ಶಾಲೆಗೆ ತೆಗೆದುಕೊಳ್ಳುವುದು, ಅದೇ ಮನೆಯ ಕಂಪನಿಗೆ ಸೇರಿಸುವುದು, ಮೈ ಸೋತಾಗ ಅದೇ ಮನೆಯಿಂದ ಪಿಂಚಣಿ. ಮಗು ತನ್ನ ಬಾಲ್ಯ ಕೊಡುತ್ತದೆ, ಸಂಸ್ಥೆ ಬದುಕು ಕೊಡುತ್ತದೆ. ಶಾಲೆ, ನೌಕರಿ, ಮುಪ್ಪು ಮೂರೂ ಒಂದೇ ಸೂರಿನಡಿ.

ಹಾಗಂತ ಅದೇನೂ ಸುಖದ ಕಾಲ ಅಲ್ಲ. ಪ್ಯಾರಿಸ್ ಶಾಲೆಯ ಮಕ್ಕಳಿಗೆ 'ಪುಟ್ಟ ಇಲಿಗಳು' ಅಂತ ಅಡ್ಡಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಇವರಲ್ಲಿ ಬಹಳಷ್ಟು ಮಂದಿ ಬಡವರ ಮನೆಯ ಹುಡುಗಿಯರು. ರಂಗದ ಹಿಂದಿನ ಕೋಣೆಗೆ ಚಂದಾದಾರ ಶ್ರೀಮಂತರು ಸಲೀಸಾಗಿ ಬರುತ್ತಿದ್ದರು, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಚಿತ್ರಕಾರ ಡೆಗಾ 1881ರಲ್ಲಿ ಪ್ರದರ್ಶಿಸಿದ ಹದಿನಾಲ್ಕರ ನರ್ತಕಿಯ ಮೇಣದ ಶಿಲ್ಪಕ್ಕೆ ನಿಂತವಳು ಮರಿ ವಾನ್ ಗೋತೆಮ್ ಎಂಬ ಹುಡುಗಿ. ಮರುವರ್ಷವೇ ಒಪೆರಾ ಅವಳನ್ನು ಕೆಲಸದಿಂದ ತೆಗೆಯಿತು. ಶಿಲ್ಪ ಇಂದಿಗೂ ಮ್ಯೂಸಿಯಂಗಳಲ್ಲಿದೆ.

ಅದೇ ಶತಮಾನದಲ್ಲಿ ಮೈಯಿಂದ ಕೇಳುವುದೂ ಜಾಸ್ತಿಯಾಯಿತು. 1832ರಲ್ಲಿ ಮರಿ ತಾಲ್ಯೋನಿ ಕಾಲ್ಬೆರಳ ತುದಿಯ ಮೇಲೆ ನಿಂತು ಇಡೀ ಬ್ಯಾಲೆ ಆಡಿದ ಮೇಲೆ, ಅದು ಚಮತ್ಕಾರವಾಗಿ ಉಳಿಯದೆ ಕಡ್ಡಾಯವಾಯಿತು. 1895ರ 'ಸ್ವಾನ್ ಲೇಕ್'ನಲ್ಲಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ಹಾಕಿದರು. ಈಗ ಆ ಪಾತ್ರ ಮಾಡುವವರಿಂದ ಜನ ಅಷ್ಟನ್ನೇ ನಿರೀಕ್ಷಿಸುತ್ತಾರೆ, ಎಣಿಸುವವರೂ ಇದ್ದಾರೆ. ಪ್ಯಾರಿಸ್ಸಿನ ನರ್ತಕಿ ಎಮ್ಮಾ ಲಿವ್ರಿಯ ಕಥೆ ಬೇರೆ ಥರದ್ದು. ಬೆಂಕಿ ತಗಲದಂತೆ ರಾಸಾಯನಿಕದಲ್ಲಿ ಅದ್ದಿದ ಲಂಗ ಬಿರುಸಾಗಿ, ಮಾಸಲಾಗಿ ಕಾಣುತ್ತಿತ್ತು. ಆಕೆ ಅದು ಬೇಡ ಅಂದರು. 1862ರಲ್ಲಿ ತಾಲೀಮಿನ ವೇಳೆ ಗ್ಯಾಸ್ ದೀಪದ ಬೆಂಕಿ ಲಂಗಕ್ಕೆ ಹತ್ತಿತು, ತಿಂಗಳುಗಟ್ಟಲೆ ನರಳಿ ಮುಂದಿನ ವರ್ಷ ತೀರಿಕೊಂಡರು. ನೋಡಲು ಚೆನ್ನಾಗಿರಬೇಕು ಅನ್ನುವುದು ಎಷ್ಟು ದೂರ ಹೋಗಬಹುದು ನೋಡಿ.

ಯಾಕೆ ಹತ್ತನೇ ವಯಸ್ಸಿಗೇ ಶುರು ಮಾಡಬೇಕು? ಇದಕ್ಕೆ ಉತ್ತರ ಸೊಂಟದ ಕೀಲಿನಲ್ಲಿದೆ. ಬ್ಯಾಲೆಯಲ್ಲಿ ಎರಡೂ ಪಾದ ಹೊರಕ್ಕೆ ತಿರುಗಿರಬೇಕು. ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ, ಪಾದಗಳು ಎಡಕ್ಕೂ ಬಲಕ್ಕೂ ಒಂದೇ ಗೆರೆಯಂತೆ ನಿಲ್ಲಬೇಕು. ಈ ತಿರುವು ಸೊಂಟದಿಂದ ಬರಬೇಕು. ಎಲ್ಲರ ಮೂಳೆಯ ಅಚ್ಚೂ ಒಂದೇ ಥರ ಇರಲ್ಲ, ಅಲ್ವಾ? ಸೊಂಟ ತಿರುಗದ ಮಗು ಮೇಷ್ಟ್ರ ಕಣ್ಣಿಗೆ ಸರಿ ಕಾಣಲು ಪಾದವನ್ನು ನೆಲಕ್ಕೊತ್ತಿ ಹೊರಗೆ ತಿರುಗಿಸುತ್ತದೆ. ಮಂಡಿ ಒಂದು ಕಡೆ, ಪಾದ ಇನ್ನೊಂದು ಕಡೆ. ಹನ್ನೊಂದಕ್ಕೆ ಏನೂ ಗೊತ್ತಾಗಲ್ಲ. ಮಂಡಿ ದೂರು ಹೇಳುವುದು ಇಪ್ಪತ್ತು ದಾಟಿದ ಮೇಲೆ. ಅಷ್ಟೊತ್ತಿಗೆ ಆ ಮೇಷ್ಟ್ರೂ ಇರಲ್ಲ, ಆ ಶಾಲೆಯೂ ಇರಲ್ಲ. ಬೇಗ ಶುರು ಮಾಡಿದರೆ ಮೈ ಪಳಗುತ್ತದೆ ಅನ್ನುವುದು ನಿಜ. ಬೇಗ ಶುರು ಮಾಡಿದರೆ ಕೆಡುವುದಕ್ಕೂ ಹೆಚ್ಚು ವರ್ಷ ಸಿಗುತ್ತದೆ ಅನ್ನುವುದೂ ಅಷ್ಟೇ ನಿಜ. ರಷ್ಯಾದ ಬ್ಯಾಲೆ ಶಿಕ್ಷಕಿ ಅಗ್ರಿಪ್ಪಿನಾ ವಾಗನೋವಾ 1930ರ ದಶಕದಲ್ಲಿ ಯಾವ ಚಲನೆ ಯಾವ ವರ್ಷಕ್ಕೆ ಎಂದು ಪಾಠ ಕಟ್ಟಿದ್ದರ ಹಿಂದೆ ಈ ಎಚ್ಚರವೂ ಇತ್ತು: ಮೊದಲು ಬಲ, ಆಮೇಲೆ ಅಂದ.

ಒಂದೇ ಸೂರು ಮೊದಲು ಬಿರುಕು ಬಿಟ್ಟದ್ದು 1909ರಲ್ಲಿ. ಕಲಾ ಸಂಘಟಕ ಡಿಯಾಗಿಲೆವ್ ರಷ್ಯಾದ ಡಾನ್ಸರ್‌ಗಳನ್ನು ಕಟ್ಟಿಕೊಂಡು ಯುರೋಪ್ ಸುತ್ತಿದರು. ಆ ಕಂಪನಿಗೆ ತನ್ನದೇ ರಂಗಮಂದಿರ ಇಲ್ಲ, ಪಿಂಚಣಿ ಇಲ್ಲ. ಶಾಲೆಯ ಖರ್ಚನ್ನು ಬೇರೆಯವರು ಹೊತ್ತಿದ್ದರು, ಫಸಲು ಮಾತ್ರ ಇವರಿಗೆ ಸಿಕ್ಕಿತು. ಅವರು ಕೊಟ್ಟ ಕಲೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. 1929ರಲ್ಲಿ ಅವರು ತೀರಿಕೊಂಡಾಗ ತಂಡ ಚದುರಿತು. ಅಲ್ಲಿ ಕುಣಿದಿದ್ದ ನಿನೆಟ್ ದ ವಾಲ್ವಾ ಲಂಡನ್ನಿನಲ್ಲಿ ಶಾಲೆ ಮತ್ತು ತಂಡ ಬೆಳೆಸಿದರು, ಅದೇ ಮುಂದೆ ರಾಯಲ್ ಬ್ಯಾಲೆಯಾಯಿತು. ಡಿಯಾಗಿಲೆವ್ ತಂಡದಲ್ಲೇ ನೃತ್ಯ ಸಂಯೋಜಿಸಿದ್ದ ಬಾಲಾಂಚೀನ್ ನ್ಯೂಯಾರ್ಕಿಗೆ ಹೋಗಿ 1934ರಲ್ಲಿ ಶಾಲೆ ತೆರೆದರು. ಅವರ ತಂಡ ನ್ಯೂಯಾರ್ಕ್ ಸಿಟಿ ಬ್ಯಾಲೆ ಎಂಬ ಹೆಸರಿನಲ್ಲಿ ಬಂದದ್ದು 1948ರಲ್ಲಿ. ಮೊದಲು ಶಾಲೆ, ಕಂಪನಿ ಆಮೇಲೆ ಅನ್ನುವ ಹಳೆಯ ಬುದ್ಧಿ ಇಬ್ಬರಿಗೂ ಇತ್ತು. 1963ರಲ್ಲಿ ಫೋರ್ಡ್ ಫೌಂಡೇಶನ್ ಅಮೆರಿಕದ ಬ್ಯಾಲೆಗೆ 77 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟಿತು. ಒಳ್ಳೆಯ ತರಬೇತಿ ಊರೂರಿಗೆ ಹರಡಿತು. ಆದರೆ ಕಲಿತವರು ಹೆಚ್ಚಿದಷ್ಟು ಕೆಲಸ ಹೆಚ್ಚಲಿಲ್ಲ.

ಈ ಮಧ್ಯೆ ಬ್ಯಾಲೆಯೇ ಬೇಡ ಎಂದವರ ಸಾಲೂ ಬೆಳೆಯಿತು. ಮಾರ್ಥಾ ಗ್ರಹಾಂ 1926ರಲ್ಲಿ, ಮರ್ಸ್ ಕನ್ನಿಂಗ್‌ಹ್ಯಾಮ್ 1953ರಲ್ಲಿ ತಂಡ ಕಟ್ಟಿದರು. 1962ರಲ್ಲಿ ನ್ಯೂಯಾರ್ಕಿನ ಜಡ್ಸನ್ ಚರ್ಚಿನಲ್ಲಿ ಕೆಲವರು ಸುಮ್ನೆ ನಡೆಯುವುದು, ಕೂರುವುದು ಕೂಡ ನೃತ್ಯವೇ ಎಂದು ತೋರಿಸಿದರು. ಬರಿಗಾಲು, ನೆಲ, ಉಸಿರು, ಬೀಳುವುದು ಇವೆಲ್ಲ ಪಾಠವಾದವು. ಇದನ್ನು ಹದಿನೆಂಟಕ್ಕೂ ಶುರು ಮಾಡಬಹುದು, ನಲವತ್ತೈದಕ್ಕೂ ಕುಣಿಯಬಹುದು. ಗ್ರಹಾಂ ಎಪ್ಪತ್ತು ದಾಟಿಯೂ ರಂಗದ ಮೇಲಿದ್ದರು. ಲಂಡನ್ನಿನಲ್ಲಿ 1966ರಲ್ಲಿ, ಬ್ರಸೆಲ್ಸಿನಲ್ಲಿ 1995ರಲ್ಲಿ ಈ ಹೊಸ ಬಗೆಯ ನೃತ್ಯಕ್ಕೆ, ಅಂದರೆ ಕಂಟೆಂಪರರಿ ಡಾನ್ಸಿಗೇ, ಮೀಸಲಾದ ಶಾಲೆಗಳು ಬಂದವು.

ಮೈಗೆ ಇಲ್ಲಿ ಸ್ವಲ್ಪ ಕರುಣೆ ಸಿಕ್ಕಿತು, ಜೇಬಿಗೆ ಸಿಗಲಿಲ್ಲ. ಕೆಲಸ ಪ್ರಾಜೆಕ್ಟ್ ಲೆಕ್ಕ. ಎಂಟು ವಾರ ತಾಲೀಮು, ಹತ್ತು ಶೋ, ಆಮೇಲೆ ಖಾಲಿ. ಫ್ರಾನ್ಸಿನಲ್ಲಿ ಇಂಥ ಕಲಾವಿದರಿಗೆ ನಿರುದ್ಯೋಗ ಭತ್ಯೆ ಇದೆ, ಆದರೆ ಹನ್ನೆರಡು ತಿಂಗಳಲ್ಲಿ 507 ಗಂಟೆ ಕೆಲಸ ತೋರಿಸಬೇಕು. ಅಲ್ಲಿನ ಡಾನ್ಸರ್‌ಗಳಿಗೆ ಆ ಸಂಖ್ಯೆ ಬಾಯಿಪಾಠ. ಬೇರೆ ಹಲವು ದೇಶಗಳಲ್ಲಿ ಅಷ್ಟೂ ಇಲ್ಲ. ಖಾಲಿ ತಿಂಗಳಲ್ಲಿ ಯೋಗ ಕಲಿಸು, ಕಾಫಿ ಅಂಗಡಿಯಲ್ಲಿ ನಿಲ್ಲು.

ಈಗ ಎರಡೂ ದಾರಿ ಕೂಡಿಕೊಂಡಿವೆ. ದೊಡ್ಡ ಬ್ಯಾಲೆ ಕಂಪನಿಗಳಲ್ಲೂ ಬೆಳಿಗ್ಗೆ ಬ್ಯಾಲೆ ಕ್ಲಾಸು, ಮಧ್ಯಾಹ್ನ ನೆಲದ ಮೇಲೆ ಹೊರಳುವ ಹೊಸ ಕೃತಿ, ರಾತ್ರಿ ಮತ್ತೆ ಕಾಲ್ಬೆರಳ ತುದಿಯಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಶೂ. ಒಂದೇ ಮೈ ಎರಡು ಸಂಪ್ರದಾಯಕ್ಕೆ ದುಡಿಯಬೇಕು. ಶಾಲೆಯ ವೇಳಾಪಟ್ಟಿಗೆ ಹೊಸ ಪಾಠ ಸೇರಿತೇ ಹೊರತು ಹಳೆಯದು ಕಡಿಮೆಯಾಗಲಿಲ್ಲ.

ನನಗೆ ಮುಖ್ಯ ಅನ್ನಿಸುವುದು 1973ರಿಂದ ಈಚಿನ ಕಾಲ. ಆ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಲೊಸಾನ್ ಬ್ಯಾಲೆ ಸ್ಪರ್ಧೆ ಶುರುವಾಯಿತು. ಉದ್ದೇಶ ಒಳ್ಳೆಯದೇ: ಪ್ರತಿಭೆ ಇದ್ದ ಹದಿಹರೆಯದವರಿಗೆ ದೊಡ್ಡ ಶಾಲೆಗಳಲ್ಲಿ ಓದಲು ವಿದ್ಯಾರ್ಥಿವೇತನ. 1999ರಲ್ಲಿ ನ್ಯೂಯಾರ್ಕಿನ ಯೂತ್ ಅಮೆರಿಕ ಗ್ರ್ಯಾಂಡ್ ಪ್ರಿ ಬಂತು, ಅದರಲ್ಲಿ ಒಂಬತ್ತು ವರ್ಷದ ಮಕ್ಕಳಿಗೂ ಜಾಗವಿದೆ. ಸ್ಪರ್ಧೆ ಬಂದ ಮೇಲೆ ಸ್ಪರ್ಧೆಗೆಂದೇ ತಯಾರಿ ಬಂತು. ಎರಡು ನಿಮಿಷದ ಒಂದು ಸೋಲೋವನ್ನು ವರ್ಷವಿಡೀ ತಿದ್ದುವುದು. ಅದರ ವಿಡಿಯೋ. ಹನ್ನೆರಡರ ಹುಡುಗಿ ಮೂವತ್ತರವಳ ಪಾತ್ರ ಮಾಡಿ ಕಾಲನ್ನು ಕಿವಿಗೆ ತಾಗಿಸುತ್ತಾಳೆ, ಸಭೆ ಕೇಕೆ ಹಾಕುತ್ತದೆ. ನಾನೂ ಚಪ್ಪಾಳೆ ತಟ್ಟಿದವನೇ.

ಆದರೆ ಕಂಪನಿಗೆ ಬೇಕಾದ್ದು ಮುಖ್ಯವಾಗಿ ಸಾಲಿನಲ್ಲಿ ಇಪ್ಪತ್ತನಾಲ್ಕು ಜನರ ಜೊತೆ ಒಂದೇ ಉಸಿರಿನಲ್ಲಿ ಕುಣಿಯುವವರು. ಅವರನ್ನು ಆರಿಸುವ ಆಡಿಷನ್ ನೋಡಿದರೆ ಸಂಗತಿ ತಿಳಿಯುತ್ತದೆ. ಎದೆಗೆ ನಂಬರ್ ಚೀಟಿ ಪಿನ್ ಮಾಡಿಕೊಂಡ ನೂರಾರು ಜನ ಕೋಣೆ ತುಂಬ. ಗೋಡೆ ಬದಿಯ ಕಂಬಿ ಸಾಲದೆ ಮಧ್ಯಕ್ಕೂ ಕಂಬಿ ತಂದಿಟ್ಟಿರುತ್ತಾರೆ. ಮಂಡಿ ಬಗ್ಗಿಸುವ ಪ್ಲಿಯೆಯಿಂದ ಶುರು. ಕಂಬಿ ಹಿಡಿದು ಮಾಡುವ ಅಭ್ಯಾಸ ಮುಗಿಯುವಷ್ಟರಲ್ಲಿ ಮೇಜಿನ ಹಿಂದೆ ಕೂತವರು ನಂಬರ್ ಗುರುತು ಹಾಕಿಕೊಂಡಿರುತ್ತಾರೆ. ಪಟ್ಟಿ ಓದುತ್ತಾರೆ, ಉಳಿದವರಿಗೆ 'ಥ್ಯಾಂಕ್ ಯೂ'. ಅಷ್ಟೇ. ಜಿಗಿಯುವುದನ್ನು, ಸುತ್ತುವುದನ್ನು ತೋರಿಸುವ ಮೊದಲೇ ಎಷ್ಟೋ ಮಂದಿ ಚೀಟಿ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ರೈಲು ನಿಲ್ದಾಣಕ್ಕೆ ಹೊರಡುತ್ತಾರೆ. ಬಂದ ಖರ್ಚು ಅವರದ್ದೇ.

ಆಯ್ಕೆಯಾದವರಿಗೂ ಮೊದಲೇ ನೌಕರಿ ಸಿಗುವುದು ಅಪರೂಪ. ಟ್ರೈನಿ, ಅಪ್ರೆಂಟಿಸ್, ಸೆಕೆಂಡ್ ಕಂಪನಿ (ಮುಖ್ಯ ತಂಡದ ಕೆಳಗಿನ ಕಿರಿಯರ ತಂಡ) ಎಂದು ಮೆಟ್ಟಿಲುಗಳಿವೆ. ಅಮೆರಿಕದಲ್ಲಿ ಹಲವು ಕಡೆ ಟ್ರೈನಿ ಅಂದರೆ ಕಾಗದದ ಮೇಲೆ ವಿದ್ಯಾರ್ಥಿ. ಫೀಸು ಕಟ್ಟುತ್ತಾರೆ, ಸಂಜೆ ಕಂಪನಿಯ ಸಾಲಿನಲ್ಲಿ ಹಂಸವಾಗಿಯೋ ಹಿಮವಾಗಿಯೋ ಕುಣಿಯುತ್ತಾರೆ. ಟಿಕೆಟ್ ಕೊಂಡವರಿಗೆ ಯಾರು ಸಂಬಳದವರು, ಯಾರು ಫೀಸಿನವರು ಗೊತ್ತಾಗಲ್ಲ.

ಪಾಯಿಂಟ್ ಶೂವಿನ ಲೆಕ್ಕ ಬೇರೆ. ಹೊರಗೆ ನುಣುಪು ಸ್ಯಾಟಿನ್. ಒಳಗೆ ಬಟ್ಟೆ, ಕಾಗದ, ಅಂಟಿನ ಪದರಗಳನ್ನು ಒಣಗಿಸಿ ಗಟ್ಟಿ ಮಾಡಿದ ಮುಂಭಾಗ. ತಂದ ಕೂಡಲೇ ಹಾಕಿಕೊಳ್ಳಲಾಗದು. ಅಂಗಾಲ ಪಟ್ಟಿಯನ್ನು ಬಗ್ಗಿಸಿ ಮುರಿಯಬೇಕು, ತುದಿಯನ್ನು ನೆಲಕ್ಕೋ ಗೋಡೆಗೋ ಬಡಿಯಬೇಕು, ಇಲ್ಲದಿದ್ದರೆ ರಂಗದ ಮೇಲೆ ಟಕಟಕ ಸದ್ದು. ರಿಬ್ಬನ್ ಅವರೇ ಹೊಲಿಯಬೇಕು. ದೊಡ್ಡ ಪಾತ್ರವಾದರೆ ಒಂದೇ ರಾತ್ರಿಗೆ ಒಂದು ಜೊತೆ ಮೆತ್ತಗಾಗಿ ಮುಗಿದುಹೋಗುತ್ತದೆ. ದೊಡ್ಡ ಕಂಪನಿ ತನ್ನ ನೌಕರರಿಗೆ ಶೂ ಕೊಡುತ್ತದೆ, ಕಲಿಯುವವರು ಸಾಮಾನ್ಯವಾಗಿ ಕೊಂಡುಕೊಳ್ಳಬೇಕು. ಬಿಳಿಯರಲ್ಲದವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಗುಲಾಬಿ ಸ್ಯಾಟಿನ್ನಿನ ಮೇಲೆ ತಮ್ಮ ಮೈಬಣ್ಣದ ಮೇಕಪ್ ಬಳಿಯುವುದು. ಲಂಡನ್ನಿನ ಫ್ರೀಡ್ ಸಂಸ್ಥೆ 'ಬ್ಯಾಲೆ ಬ್ಲ್ಯಾಕ್' ತಂಡದ ಜೊತೆ ಸೇರಿ ಕಂದು ಬಣ್ಣದ ಶೂ ತಂದದ್ದು 2018ರಲ್ಲಿ.

ನೌಕರಿ ಸಿಕ್ಕಿತು ಅಂದುಕೊಳ್ಳೋಣ. ಜರ್ಮನಿಯಲ್ಲಿ ಸರ್ಕಾರಿ ನೆರವಿನ ರಂಗಮಂದಿರಗಳು ಊರೂರಲ್ಲಿವೆ, ಡಾನ್ಸರ್‌ಗಳ ಪಾಲಿಗೆ ಅದು ದೊಡ್ಡ ಆಸರೆ. ಆದರೆ ಒಪ್ಪಂದ ಸಾಮಾನ್ಯವಾಗಿ ಒಂದು ಸೀಸನ್ನಿನದು. ಮುಂದುವರಿಸುವುದಿಲ್ಲ ಅಂತಾದರೆ ಹೊಸಬರಿಗೆ ಅಕ್ಟೋಬರ್ 31ರೊಳಗೆ ತಿಳಿಸಬೇಕು. ಹದಿನೈದು ವರ್ಷ ಒಂದೇ ಕಡೆ ಉಳಿದರೆ ಕೆಲಸ ಕಾಯಂ. ಹಾಗಾಗಿ ಆ ಗಡಿ ಹತ್ತಿರವಾದಾಗ ಕೈಬಿಡುವುದೂ ಇದೆ. ನಿರ್ದೇಶಕರು ಬದಲಾದರೆ ತಂಡಕ್ಕೆ ತಂಡವೇ ಬದಲಾಗುವುದೂ ಉಂಟು.

ಅಂದರೆ ಹಳೆಯ ಲೆಕ್ಕದ ಅರ್ಧ ಮಾತ್ರ ಉಳಿದಿದೆ. ಹತ್ತನೇ ವಯಸ್ಸಿಗೆ ಮಗುವನ್ನು ಕೇಳುವುದು ಈಗಲೂ ಅಷ್ಟೇ: ಮೈ, ಊಟ, ಓದು, ರಜೆ. ವರ್ಷದ ಕೊನೆಗೆ ಪರೀಕ್ಷೆ ಮಾಡಿ ಕೆಲವರನ್ನು ಮನೆಗೆ ಕಳಿಸುವುದೂ ಹಾಗೇ ಇದೆ. ಬದಲಿಗೆ ಕೊಡುತ್ತಿದ್ದ ಸೂರನ್ನು ಮಾತ್ರ ಹೆಚ್ಚಿನ ಕಡೆ ತೆಗೆದಾಗಿದೆ. ಇದನ್ನು ಯಾರೋ ಕೂತು ತೀರ್ಮಾನ ಮಾಡಿದ್ದಲ್ಲ. ಶಾಲೆಗೆ ಮಕ್ಕಳು ಬೇಕು, ಕಂಪನಿಗೆ ಖರ್ಚು ಕಡಿಮೆಯಾಗಬೇಕು, ಅಪ್ಪ ಅಮ್ಮನಿಗೆ ಆಸೆ. ವಿಯೆನ್ನಾದ ವರದಿ ಹೊರಬಂದಾಗ ತೆಳ್ಳಗಿರಲು ಮಕ್ಕಳಿಗೆ ಸಿಗರೇಟು ಸೇದಲು ಹೇಳುತ್ತಿದ್ದ ಸಂಗತಿ ಪತ್ರಿಕೆಗಳಲ್ಲಿ ಬಂತು. ಓದಿದವರಿಗೆ ಆಘಾತ. ಹಳಬರಲ್ಲಿ ಅನೇಕರಿಗೆ ಅದು ಹೊಸ ಸುದ್ದಿ ಆಗಿರಲಿಕ್ಕಿಲ್ಲ.

ಕೊನೆಯ ಭಾಗ, ಕುಣಿತ ನಿಂತ ಮೇಲಿನದು. ಬ್ರಿಟನ್ನಿನ ಬ್ಯಾಲೆ ತಾರೆ ಮಾರ್ಗೋ ಫಾಂಟೇನ್‌ಗೆ 42ರ ಹೊತ್ತಿಗೆ ಇನ್ನೇನು ಮುಗಿಯಿತು ಅನ್ನುವಾಗ ರಷ್ಯಾದ ಯುವ ನರ್ತಕ ನುರೆಯೆವ್ ಜೊತೆಗಾರನಾಗಿ ಸಿಕ್ಕರು, 1962ರಿಂದ ಅವರ ಎರಡನೇ ಇನಿಂಗ್ಸ್ ಶುರುವಾಯಿತು. ಎಲ್ಲರಿಗೂ ನುರೆಯೆವ್ ಸಿಗಲ್ಲ. ನೃತ್ಯ ಸಂಯೋಜಕ ಇರಿ ಕಿಲಿಯಾನ್ ನೆದರ್ಲೆಂಡ್ಸಿನಲ್ಲಿ 1991ರಲ್ಲಿ ನಲವತ್ತು ದಾಟಿದವರಿಗೆಂದೇ ತಂಡ ಕಟ್ಟಿದರು. ಚೆನ್ನಾಗಿ ಹೆಸರು ಮಾಡಿತು, 2006ರಲ್ಲಿ ನಿಂತಿತು. ಬೇರೆ ಕೆಲಸ ಕಲಿಯಲು ನೆರವಾಗುವ ನಿಧಿ ಬ್ರಿಟನ್ನಿನಲ್ಲಿ 1973ರಲ್ಲಿ ಶುರುವಾಯಿತು, ಕೆನಡಾದಲ್ಲಿ 1985ರಲ್ಲಿ, ನೆದರ್ಲೆಂಡ್ಸಿನಲ್ಲಿ 1986ರಲ್ಲಿ. ಫಿಸಿಯೋಥೆರಪಿ, ಕಾನೂನು, ಬಡಗಿ ಕೆಲಸ, ಏನು ಬೇಕಾದರೂ ಕಲಿಯಬಹುದು. ಅರ್ಜಿ ಹಾಕಲು ಸಾಮಾನ್ಯವಾಗಿ ಇಂತಿಷ್ಟು ವರ್ಷ ವೃತ್ತಿಪರವಾಗಿ ಕುಣಿದದ್ದಕ್ಕೆ ದಾಖಲೆ ಕೇಳುತ್ತಾರೆ. ಟ್ರೈನಿಯಾಗಿ ಕಳೆದ ಎರಡು ಮೂರು ವರ್ಷಕ್ಕೆ ಸಂಬಳದ ಚೀಟಿ ಇರುವುದಿಲ್ಲ. ಅವರ ಬಳಿ ಇರುವುದು ಫೀಸು ಕಟ್ಟಿದ ರಸೀದಿ.